ಮುರಿದ ಬೋಲ್ಟು, ತಡೆದ ಬೈಗುಳ

ನಮ್ಮಕ್ಕನ ಸಿಟ್ಟಿಗೆ ಹೆಬ್ಬೂರಿನ ತೋಟದಲ್ಲಿ ಹೆದರದವರಿಲ್ಲ. ಹಾಗಾಗಿ ಭಾವ ಅವಳ ಹಳೆಯ ಕಾರಿನ ಬ್ರೇಕ್ ಬಿಚ್ಚಲು ಹೋಗಿ ಬೋಲ್ಟ್ ಮುರಿದಾಗ ನಾನು ಮೆಲ್ಲಗೆ ಹಿಂದೆ ಸರಿದು ನಿಂತೆ. ಬೋರ್‌ವೆಲ್ ಪೈಪಿನ ಬೋಲ್ಟ್ ಜಗ್ಗದಿದ್ದರೆ ಸ್ಪ್ಯಾನರ್ ಹಿಡಿಗೆ ಉದ್ದನೆಯ ಕಬ್ಬಿಣದ ಪೈಪ್ ಸಿಕ್ಕಿಸಿ ತಿರುಗಿಸುವುದು ತೋಟದವರ ರೂಢಿ. ಭಾವ ಕಾರಿಗೂ ಅದನ್ನೇ ಮಾಡಿದ್ದರು. ಬೋಲ್ಟಿನ ತಲೆ ಮುರಿದು ಕೈಗೆ ಬಂತು, ಉಳಿದದ್ದು ಒಳಗೇ ಕೂತಿತು. ತುದಿ ಮಾತ್ರ ಹೊರಗೆ ಕಾಣುತ್ತಿತ್ತು.

ಅಕ್ಕ ಬಂದು ನೋಡಿದಳು. ಬೈಯುವ ಬದಲು ಸೀದಾ ಕೊಟ್ಟಿಗೆಗೆ ಹೋದಳು. ಕೊಟ್ಟಿಗೆಯ ಗೇಟು ಪದೇ ಪದೇ ಮುರಿಯುತ್ತಿದ್ದರಿಂದ ಅವಳು ವೆಲ್ಡಿಂಗ್ ಕಲಿತು ಒಂದು ಮೆಷಿನ್ನೂ ಇಟ್ಟುಕೊಂಡಿದ್ದಳು. ಅದನ್ನು ತಂದು, ಆ ತುದಿಯ ಮೇಲೆ ಒಂದು ನಟ್ ಇಟ್ಟು ವೆಲ್ಡ್ ಮಾಡಿದಳು. ಬೇಗ ತಣ್ಣಗಾಗಲಿ ಎಂದು ಭಾವ ಚೊಂಬಿನಲ್ಲಿ ನೀರು ತಂದರು.

"ಸುಮ್ನಿರ್ರೀ, ನೀರ್ ಬಿದ್ರೆ ಬಿರುಕ್ ಬಿಡುತ್ತೆ. ಅದ್ರಷ್ಟಕ್ಕೆ ಅದು ಆರ್ಲಿ," ಎಂದಳು, ಮೆತ್ತಗೆ.

ಆರಿದ ಮೇಲೆ ನಟ್‌ಗೆ ಸ್ಪ್ಯಾನರ್ ಹಾಕಿ ಚೂರು ಹಿಂದೆ, ಚೂರು ಮುಂದೆ ಆಡಿಸುತ್ತಾ ಕೂತಳು, ಹೊಸದಾಗಿ ಕರು ಹಾಕಿದ ಹಸುವನ್ನು ಹಾಲಿಗೆ ಒಲಿಸುವವರ ಹಾಗೆ. ನಡುನಡುವೆ ಎಣ್ಣೆ ಬಿಟ್ಟಳು. ನಾನಾಗಿದ್ದರೆ ಅಷ್ಟೊತ್ತಿಗೆ ಸುತ್ತಿಗೆ ಹಿಡಿದಿರುತ್ತಿದ್ದೆ.

ಕೊನೆಗೆ ಬೋಲ್ಟ್ ಸಲೀಸಾಗಿ ತಿರುಗಿ ಅವಳ ಅಂಗೈಗೆ ಬಿತ್ತು. ಅದನ್ನು ಹಳೇ ಬಟ್ಟೆಯಲ್ಲಿ ಒರೆಸಿ ಪಕ್ಕಕ್ಕಿಟ್ಟು, ಎದ್ದು ಭಾವನ ಕಡೆ ತಿರುಗಿದಳು.

"ಈಗ್ ಹೇಳ್ರೀ. ಕಾರೇನು ಬೋರ್‌ವೆಲ್ಲಾ?"

ಅಲ್ಲಿಂದ ಶುರುವಾದದ್ದು ಊಟದ ಹೊತ್ತಾದರೂ ಮುಗಿಯಲಿಲ್ಲ. ಅಷ್ಟೂ ಸಿಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಅವಳು ಆ ಬೋಲ್ಟನ್ನು ಅಷ್ಟು ಮೆತ್ತಗೆ ಒಲಿಸಿದ್ದಳು.