ಖಂಡೆ ಪೂಜೆಯ ಮೇಲೆ ಬರುವ ಕೋಡ್‌ಗಳು

ದಸರೆ ಮುಗಿದ ಮುಂಜಾನೆ ಚಿಕ್ಕೋಡಿಯ ನಮ್ಮ ಸರ್ವಿಸ್ ಕಚೇರಿಯ ಪರದೆಯ ಮೇಲೆ ಕೆಂಪು ಚುಕ್ಕೆಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತವೆ. ಅಥಣಿಯಲ್ಲೊಂದು, ರಾಯಬಾಗದಲ್ಲೊಂದು, ನಿಪ್ಪಾಣಿ ತಾಲೂಕಿನ ಅಕ್ಕೋಳದ ಕಡೆ ಇನ್ನೊಂದು. ಮಣ್ಣು ಅಗೆಯುವ ಯಂತ್ರಗಳು ಈಗ ತಮ್ಮ ಎಂಜಿನ್ನಿನ ತೊಂದರೆಯನ್ನು ತಾವೇ ಕೋಡ್ ಮಾಡಿ ಕಳಿಸುತ್ತವೆ. ನಾನು ಕುರ್ಚಿಯಿಂದ ಏಳದೆ ಫೋನ್ ಹಚ್ಚಿ, "ಖಂಡೆ ಪೂಜಾಕ್ಕ ಮಷಿನ್ ತೊಳದ್ರೇನ್ರಿ?" ಎಂದು ಕೇಳುತ್ತೇನೆ. ಖಂಡೆ ಪೂಜೆಯೆಂದರೆ ನಮ್ಮ ಕಡೆಯ ಆಯುಧಪೂಜೆ. ಆ ಕಡೆಯಿಂದ, "ಹೌದ್ರಿ, ಚಲೋತ್ನಂಗ ತೊಳದೇವ್ರಿ." ಯಾವ ಸೆನ್ಸರಿನ ಕನೆಕ್ಟರ್ ಬಿಚ್ಚಿ ಒಣಗಿಸಬೇಕೆಂದು ಹೇಳಿ ಫೋನ್ ಇಡುತ್ತೇನೆ. ಕೆಲಸ ಆಗುತ್ತದೆ. ಯಾರ ಅಂಗಳವನ್ನೂ ತುಳಿಯಬೇಕಾಗಿಲ್ಲ, ಯಾರ ಮನೆಯ ಚಹಾವೂ ಇಲ್ಲ.

ಹಾಗೆ ಫೋನ್ ಇಟ್ಟಾಗಲೆಲ್ಲ ಕಾಗವಾಡದ ಹತ್ತಿರದ ಒಂದು ದ್ರಾಕ್ಷಿ ತೋಟದ ಮನೆ ನೆನಪಾಗುತ್ತದೆ. ಅಲ್ಲಿ ಒಂದು ದಿನ ನಡೆದ ಸಂಗತಿಯನ್ನು ನಾನು ಬಹಳ ಮಂದಿಗೆ ಹೇಳಿದ್ದೇನೆ. ಹೇಳಿದ ಹಾಗೆಲ್ಲ ಅದು ನುಣುಪಾಗುತ್ತ ಬಂದಿದೆ. ಅದು ನಿಜಕ್ಕೂ ಹಾಗೆಯೇ ನಡೆಯಿತೇ ಎಂಬ ನನ್ನ ಅನುಮಾನಕ್ಕೆ ಅದೇ ಕಾರಣ. ದಿನಚರಿಯಲ್ಲಿ ಅಂದು ಬರೆದದ್ದು ಊರಿನ ಹೆಸರು ಮತ್ತು ಕೋಡ್‌ಗಳು ಮಾತ್ರ. ಉಳಿದದ್ದೆಲ್ಲ ಇಷ್ಟು ವರ್ಷ ತಲೆಯಲ್ಲೇ ಇದ್ದದ್ದು. ಅಲ್ಲಿ ಅದಕ್ಕೆ ಏನೇನು ಸೇರಿಕೊಂಡಿದೆಯೋ.

ಆಗ ನಾನು ಎಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿದ ಹೊಸತು. ಲ್ಯಾಪ್‌ಟಾಪಿನ ಚೀಲ ಬೆನ್ನಿಗೆ ಹಾಕಿಕೊಂಡು ಬೈಕಿನ ಮೇಲೆ ಹೋಗುತ್ತಿದ್ದೆ. ಆ ಮನೆಗೆ ಗಡಿಯಾಚೆ ಮಹಾರಾಷ್ಟ್ರದ ಮಿರಜದ ಕಡೆಯಿಂದ ಹೊಸ ಸೊಸೆ ಬಂದಿದ್ದಳು. ಆ ವರ್ಷದ ಖಂಡೆ ಪೂಜೆಗೆ ಮನೆಯ ಮಣ್ಣು ಅಗೆಯುವ ಮಷಿನ್ನಿಗೆ ಅರಿಶಿಣ ಕುಂಕುಮ ಹಚ್ಚಿ ಆರತಿ ಎತ್ತಿದವಳು ಅವಳೇ. ವಿಜಯದಶಮಿಯ ಬನ್ನಿ ಹಬ್ಬದ ಮರುದಿನ, ಕಬ್ಬಿನ ಟ್ರ್ಯಾಕ್ಟರುಗಳಿಗೆ ಹೊಲದ ದಾರಿ ಸರಿಮಾಡಲೆಂದು ಚಾಲೂ ಮಾಡಿದರೆ ಎಂಜಿನ್ನಿಗೆ ಶಕ್ತಿಯೇ ಇಲ್ಲ. ಎಷ್ಟು ಎಳೆದರೂ ವೇಗ ಏರದೆ ಕೆಮ್ಮುತ್ತಿತ್ತು. ಮನೆಯ ಮಗ, ಅಂದರೆ ಅವಳ ಗಂಡ, ಓಡಿಹೋಗಿ ಹೊಸ ಸೆನ್ಸರ್ ಒಂದನ್ನು ತಂದು ಹಾಕಿದ್ದ. ಏನೂ ಬದಲಾಗಿರಲಿಲ್ಲ.

ನಾನು ಹೋದಾಗ ಸೊಸೆ ಚಹಾ ತಂದಳು. ಅತ್ತೆ ನನಗೆ ಹೇಳುವ ಹಾಗೆ ಅವಳಿಗೆ ಹೇಳಿದರು: "ಇಷ್ಟ ದಿನಾ ನಾನ ಆರತಿ ಎತ್ತತಿದ್ನ್ರಿ ಸಾಹೇಬ್ರ, ಮಷಿನ್ ಒಂದಿನಾ ಕೆಮ್ಮಿದ್ದಿಲ್ಲ. ಈಗ ಯಾರ ಕಾಲ್ಗುಣಾನೋ ಏನೋ."

ಸೊಸೆ ಚಹಾದ ತಾಟು ಎತ್ತಿಕೊಂಡು ಒಳಗೆ ಹೋದಳು. ಇಂಥ ಮಾತು ಒಮ್ಮೆ ಹತ್ತಿದರೆ ಬಿಡುವುದಿಲ್ಲವೆಂಬುದು ನನಗೂ ಗೊತ್ತಿತ್ತು. ಮುಂದೆ ಬಾವಿಯ ಮೋಟಾರ್ ಸುಟ್ಟರೂ, ಎಮ್ಮೆ ಹಾಲು ಕೊಡದಿದ್ದರೂ, ಎಲ್ಲವೂ ಅವಳ ಕಾಲಿಗೇ ಬಂದು ನಿಲ್ಲುತ್ತದೆ.

ಮಷಿನ್ನಿನ ಕ್ಯಾಬಿನ್ನಿನೊಳಗೆ ಹತ್ತಿ ಲ್ಯಾಪ್‌ಟಾಪಿನ ಕೇಬಲ್ ಜೋಡಿಸಿದೆ. ಮೂರು ಕೋಡ್‌ಗಳು ಬಂದವು: ಆಕ್ಸಿಲರೇಟರ್, ಡೀಸೆಲ್ಲಿನ ಒತ್ತಡ, ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ. ಮೂರು ಸೆನ್ಸರ್‌ಗಳು ಒಂದೇ ದಿನ ಕೆಡುವುದು ಅಪರೂಪ. ಹಾಗಾದರೆ ಮೂರಕ್ಕೂ ಸಮಾನವಾದದ್ದು ಏನು ಎಂದು ಹುಡುಕಬೇಕು. ಈ ಮೂರಕ್ಕೂ ಕರೆಂಟು ಹೋಗುವುದು ಒಂದೇ ತಂತಿಯಿಂದ. ಒಂದು ಕಡೆ ಆ ಕರೆಂಟು ಸೋರಿದರೆ ಉಳಿದವುಗಳ ಲೆಕ್ಕವೂ ತಪ್ಪುತ್ತದೆ. ಕೋಡ್ ಕೊಡುವುದು ದೂರನ್ನು, ತೀರ್ಪನ್ನಲ್ಲ ಎಂದು ಮಗನಿಗೆ ವಿವರಿಸುತ್ತಿದ್ದೆ.

"ಮ್ಹಣಜೆ, ಅಂದ್ರ," ಎಂದಳು ಸೊಸೆ ಕೆಳಗಿನಿಂದ, "ಯಾರ ಹೆಸರ ಬಂದೇತಿ ಅವರದ ತಪ್ಪ ಇರಬೇಕಂತ ಏನಿಲ್ಲಲ್ರಿ?"

"ನೀ ಒಳಗ ಹೋಗ ಬೇ, ಹಾಲ ಉಕ್ಕತಾವು," ಎಂದರು ಅತ್ತೆ.

"ಹಾಲ ಇಳಿಸೇ ಬಂದೇನ್ರಿ ಅತ್ತಿ."

ಒಂದೊಂದೇ ಸೆನ್ಸರ್ ಕಳಚಿ, ಪರದೆ ನೋಡಿ, ಮತ್ತೆ ಕೂಡಿಸುತ್ತ ಹೋದೆ. ಆಕ್ಸಿಲರೇಟರಿನದು ಕಳಚಿದೆ, ಏನೂ ಆಗಲಿಲ್ಲ. ಡೀಸೆಲ್ಲಿನದು ಕಳಚಿದರೂ ಅಷ್ಟೇ. ಗಾಳಿಯದನ್ನು ಕಳಚಿದ ಕೂಡಲೇ ಉಳಿದೆರಡು ಕೋಡ್‌ಗಳು ತಾವಾಗಿ ಹೋದವು. ಅದರ ಕನೆಕ್ಟರನ್ನು ಅಂಗೈ ಮೇಲೆ ಬಡಿದೆ. ನೀರು ಬಿತ್ತು.

"ಅರಿಶಿಣದ ನೀರೇನ್ರಿ?" ಅತ್ತೆ ಕೇಳಿದರು. ಸೊಸೆ ನನ್ನ ಕೈಯನ್ನೇ ನೋಡುತ್ತಿದ್ದಳು.

ನನ್ನ ನೆನಪಿನಲ್ಲಿ ಆ ಹನಿಗೆ ನೀಲಿ ಛಾಯೆಯಿದೆ, ದ್ರಾಕ್ಷಿಗೆ ಹೊಡೆಯುವ ಮೈಲುತುತ್ತದ ನೀಲಿ. ಈ ಕತೆ ಹೇಳುವಾಗಲೂ ಹಾಗೆಯೇ ಹೇಳುತ್ತ ಬಂದಿದ್ದೇನೆ. ನಿಜವಾಗಿ ನೀಲಿಯಿತ್ತೆ? ಅಥವಾ ಅವಳ ಪರವಾಗಿ ಸಾಕ್ಷಿ ಬೇಕಾಗಿ ನಾನೇ ಆಮೇಲೆ ಬಣ್ಣ ಹಾಕಿದೆನೆ? ಬಣ್ಣದ ಬಗ್ಗೆ ನನಗೆ ಖಾತ್ರಿಯಿಲ್ಲ. ಆದರೆ ನೀರು ಹೇಗೆ ಹೋಯಿತೆಂಬ ಬಗ್ಗೆ ಇದೆ. ಆ ಕನೆಕ್ಟರಿಗೆ ರಬ್ಬರಿನ ಸೀಲ್ ಇರುತ್ತದೆ; ಬೆರಳಿನಿಂದ ಹಚ್ಚಿದ ಅರಿಶಿಣ ಅದನ್ನು ದಾಟಲಾರದು. ಜೋರಾಗಿ ಹೊಡೆದ ನೀರು ಮಾತ್ರ ದಾಟಬಲ್ಲದು.

ಹಾಗೇ ಹೇಳಿದೆ. "ಪಂಪ್ ಹಚ್ಚಿ ತೊಳದಾರೇನ್ರಿ ಯಾರರೆ?"

ಮಗ ಬೇವಿನ ಗಿಡದ ಕೆಳಗೆ ಹೊರಸಿನ ಮೇಲೆ ಕೂತಿದ್ದ ಅಪ್ಪನ ಕಡೆ ನೋಡಿದ. ಮನೆಯ ಯಜಮಾನರು ಟೋಪಿ ತೆಗೆದು ಮತ್ತೆ ಹಾಕಿಕೊಂಡರು.

"ಗ್ರೀಸ್ ಹೋಗವಲ್ದಾಗಿತ್ರಿ. ದ್ರಾಕ್ಷಿಗೆ ಔಷಧ ಹೊಡಿಯೂ ಪಂಪ್ ಹಚ್ಚಿ, ಪೈಪ್ ಹತ್ರ ಹಿಡದ ಹೊಡದೆ. ದೇವರ ಪೂಜಾಕ್ಕ ಹೊಲಸ ಇರಬಾರದಲ್ರಿ."

ಅತ್ತೆ ಗಂಡನನ್ನು ನೋಡಿದರು, ನನ್ನನ್ನು ನೋಡಿದರು. "ಲಗ್ನ ಆದಾಗಿಂದ ಒಂದ ತಾಟ ತೊಳದಿಲ್ರಿ ಈ ಮನಷ್ಯಾ. ಮಷಿನ್ ತೊಳ್ಯಾಕ ಹೋಗಿ ಹಿಂಗ ಮಾಡ್ಯಾರ ನೋಡ್ರಿ!"

ಮಗ ನಕ್ಕ. ಯಜಮಾನರಿಗೂ ನಗು ತಡೆಯಲಾಗಲಿಲ್ಲ. ಸೊಸೆ ಮಾತ್ರ ನಗಲಿಲ್ಲ. ಅವಳಿಗೆ ಬೇಕಾದ ಮಾತನ್ನು ಯಾರೂ ಇನ್ನೂ ಆಡಿರಲಿಲ್ಲ.

ಕನೆಕ್ಟರ್ ಒರೆಸಿ, ಗಾಳಿ ಹಿಡಿದು ಒಣಗಿಸಿ, ಮತ್ತೆ ಕೂಡಿಸಿದೆ. ಕೀ ತಿರುವಲು ಮಗ ಮುಂದೆ ಬಂದ. ಯಜಮಾನರು ಕೂತಲ್ಲಿಂದಲೇ, "ನೀ ಸರೀಲೇ," ಎಂದು ಅವನಿಗೆ ಹೇಳಿ, "ಯವ್ವಾ, ನೀನ ಹತ್ತ," ಎಂದು ಸೊಸೆಗೆ ಹೇಳಿದರು.

ಅವಳು ಕದಲಲಿಲ್ಲ. "ಮತ್ತ ಕೆಮ್ಮಿದ್ರರಿ ಮಾವಾರ?"

"ಕೆಮ್ಮಿದ್ರ ನನ್ನ ಪಂಪಿಂದ. ನಿಂದೇನೈತಿ ಅದರಾಗ? ಹತ್ತ."

ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲು ಹಿಡಿದು ಹತ್ತಿದಳು. ನಾನು ತೋರಿಸಿದಂತೆ ಕೀ ತಿರುವಿದಳು. ಪರದೆಯ ಮೇಲೆ ಯಾವ ಕೋಡೂ ಉಳಿಯಲಿಲ್ಲ. ಎಂಜಿನ್ ಒಮ್ಮೆಲೇ ಪೂರ್ತಿ ದನಿಯೆತ್ತಿತು. ಅಂಗಳದ ಕೋಳಿಗಳು ಚೆಲ್ಲಾಪಿಲ್ಲಿಯಾದವು. ಅತ್ತೆ ಕ್ಯಾಬಿನ್ನಿನ ಹತ್ತಿರ ಬಂದು, ಮುಖ ಮೇಲೆತ್ತಿ ಏನೋ ಕೂಗಿ ಹೇಳಿದರು. ಆ ಸದ್ದಿನಲ್ಲಿ ನನಗೆ ಒಂದು ಅಕ್ಷರವೂ ಕೇಳಲಿಲ್ಲ. ಸೊಸೆಗೆ ಕೇಳಿರಬೇಕು, ಆಗ ಮಾತ್ರ ಅವಳು ನಕ್ಕಳು.