ಒಂದೇ ಕೊರಳಿನಲ್ಲಿ ಎರಡು ಲಿಂಗ

ತಾಳಿ ಬಿಚ್ಚುವಾಗ ನನ್ನ ಗಂಡನ ಕೈ ನಡುಗಲಿಲ್ಲ. ಕೊಂಡಿ ಸರಿಸಿ, ಕರವಸ್ತ್ರದಲ್ಲಿ ಸುತ್ತಿ ಅಂಗಿಯ ಜೇಬಿಗೆ ಹಾಕಿಕೊಂಡರು. ಕೊರಳಿನ ಇಷ್ಟಲಿಂಗದ ಸರದಿ ಬಂದಾಗ ಮಾತ್ರ ಕೈ ಕಟ್ಟಿ ನಿಂತುಬಿಟ್ಟರು.

ಅದು ದಾವಣಗೆರೆಯ ಒಂದು ಆಸ್ಪತ್ರೆ. ನನ್ನ ಎಡ ಮೊಲೆಯನ್ನು ತೆಗೆದಾಗಿತ್ತು. ಇನ್ನು ರೇಡಿಯೇಷನ್, ನಮ್ಮ ಕೊಟ್ಟೂರು ಕಡೆಯ ಮಾತಿನಲ್ಲಿ ‘ಕರೆಂಟ್ ಕೊಡೋದು’, ಶುರುವಾಗಬೇಕಿತ್ತು. ಮೈಮೇಲೆ ಏನೂ ಇರಕೂಡದು ಎಂದು ಹೇಳಿ ನರ್ಸಮ್ಮ ಒಳಗೆ ಹೋಗಿದ್ದಳು. ಆಪರೇಷನ್ ದಿನ ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಮುಂಗೈಗೆ ಕಟ್ಟಿಕೊಳ್ಳಲು ಬಿಟ್ಟಿದ್ದರು. ಇಲ್ಲಿ ಅದೂ ನಡೆಯುವಂತಿರಲಿಲ್ಲ.

“ಮೈಮ್ಯಾಲಿಂದ ಲಿಂಗ ತೆಗದ್ರ ಜೀವ ತೆಗದಂಗ. ನಡಿ, ಬ್ಯಾರೆ ದವಾಖಾನಿ ನೋಡೂನು,” ಎಂದರು.

ಇವರು ಟೈಲರ್. ಲಿಂಗಪೂಜೆಯಾಗದೆ ಚಹಾ ಕೂಡ ಬಾಯಿಗೆ ಹಾಕಿದವರಲ್ಲ. ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟಬಾರದು, ಗಂಡ ಹೆಂಡಿರಾದರೂ ಅಷ್ಟೇ ಎಂದು ಮದುವೆಯಾದ ಹೊಸದರಲ್ಲೇ ಅತ್ತೆ ಹೇಳಿಕೊಟ್ಟಿದ್ದರು. ಒಂದೇ ಹಾಸಿಗೆಯಲ್ಲಿ ಇಷ್ಟು ವರ್ಷ ಮಲಗಿದರೂ ಅವರ ಕೈ ನನ್ನ ಲಿಂಗಕ್ಕೆ ತಾಕಿರಲಿಲ್ಲ.

ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಕಾಯಿಲೆ ಬಂದಮೇಲಂತೂ ಕೇಳುವುದೇ ಬೇಡ.

“ತಾಳಿ ಬಿಚ್ಚಿ ಕಿಸೇದಾಗ ಹಾಕ್ಕೊಂಡ್ರಿ, ಏನೂ ಅನಿಸ್ಲಿಲ್ಲ. ಇದಕ್ಕ ಮಾತ್ರ ಜೀವ ಹೋಗತೈತೇನು? ಇನ್ನೊಂದು ದವಾಖಾನಿ ಹುಡುಕೋದ್ರಾಗ ನಾನ ಹೋಗಿರ್ತೀನಿ. ಕೇಳ್ರಿಲ್ಲಿ, ನಾ ಪೂಜಿ ಬಿಟ್ಟು ಭಾಳ ದಿನ ಆತು. ನಿಮ್ಮ ಮುಂದ ಸುಮ್ನ ಕಣ್ಣು ಮುಚ್ಚಿ ಕುಂದರ್ತಿದ್ದೆ.”

ಬೈಯುತ್ತಾರೆ ಎಂದುಕೊಂಡೆ. ನಿಜ ಹೇಳಬೇಕೆಂದರೆ, ಬೈಯಲಿ ಎಂದೇ ಕಾಯುತ್ತಿದ್ದೆ.

“ಗೊತ್ತೈತಿ,” ಎಂದರು. “ನಿನ್ನ ವಿಭೂತಿ ಗಟ್ಟಿ ಸವದೇ ಇಲ್ಲ.”

ಅವರು ಕಾರಿಡಾರಿನ ಆಚೆ ಈಚೆ ಒಮ್ಮೆ ನೋಡಿದರು. ನನ್ನ ಶಿವದಾರವನ್ನು ತಲೆಯ ಮೇಲಿಂದ ಮೆಲ್ಲಗೆ ಎತ್ತಿ, ಲಿಂಗವಿದ್ದ ಬೆಳ್ಳಿ ಕರಡಿಗೆಯ ಸಮೇತ ತಮ್ಮ ಕೊರಳಿಗೇ ಹಾಕಿಕೊಂಡು ಅಂಗಿಯ ಗುಂಡಿ ಹಾಕಿದರು.

“ಹೋಗು. ಕರೀಲಿಕ್ಕೆ ಹತ್ಯಾರ.”

ಒಳಗೆ ಕೈ ಮೇಲೆತ್ತಿಸಿ ಮಲಗಿಸಿ ಎಲ್ಲರೂ ಹೊರಗೆ ಹೋದರು. ಬಾಗಿಲು ಮುಚ್ಚಿತು. ಬರಿದಾದ ಎದೆಗೆ ತಣ್ಣಗೆ ಗಾಳಿ ತಾಗುತ್ತಿತ್ತು. ಸಾಯುತ್ತೇನೆ ಎಂಬ ಹೆದರಿಕೆ ಅಷ್ಟು ದಿನ ಸಿಟ್ಟಿನ ಹಿಂದೆ ಅಡಗಿತ್ತೋ ಏನೋ, ಆಗ ಎದುರಿಗೇ ಬಂದು ನಿಂತಿತು. ಶಿವನೇ ಎಂದು ಬಾಯಿಗೆ ಬಂದದ್ದನ್ನು ಹಟ ಮಾಡಿ ನುಂಗಿದೆ.

ಹೊರಗೆ ಬಂದಾಗ ಅವರು ಮೂಲೆಯ ಬೆಂಚಿನಲ್ಲಿ ಗೋಡೆಗೆ ಮುಖ ಮಾಡಿ ಕುಳಿತಿದ್ದರು. ಎಡ ಅಂಗೈಯಲ್ಲಿ ಎರಡೂ ಲಿಂಗಗಳಿದ್ದವು. ಪತ್ರೆಯಿಲ್ಲ, ನೀರಿಲ್ಲ. ಪೂಜೆಯ ಹೊತ್ತಿಗೆ ಕೆಮ್ಮುವುದಕ್ಕೂ ಹಿಂದೆಮುಂದೆ ನೋಡುವ ಮನುಷ್ಯ ಜಗಳಕ್ಕೆ ನಿಂತವರ ದನಿಯಲ್ಲಿ ಮಾತಾಡುತ್ತಿದ್ದರು.

“ಆಕಿ ನಿನ್ನ ಬಿಟ್ಟಾಳ, ಬಿಡ್ಲಿ. ನೀ ಆಕೀನ ಬಿಡಬ್ಯಾಡ. ಬಿಟ್ಟಿ ಅಂದ್ರ ನಾನೂ ನಿನ್ನ ಬಿಡ್ತೀನಿ ನೋಡು.”

ನನ್ನನ್ನು ಕಂಡು ಗಡಬಡಿಸಿ ಎರಡನ್ನೂ ಅವುಗಳ ಕರಡಿಗೆಗೆ ಸೇರಿಸಿದರು. ಕಣ್ಣು ಒದ್ದೆಯಾಗಿತ್ತು.

“ಕೊಡ್ರಿ ನಂದು,” ಎಂದೆ.

“ಬ್ಯಾಡ ಅನಿಸಿದ್ರ ಬ್ಯಾಡ ಬಿಡು. ನನ್ನ ಹತ್ರ ಇರ್ಲಿ.”

“ಕೊಡ್ರಿ ಅಂದೆ.”

ತಲೆ ಬಗ್ಗಿಸಿದೆ, ಅವರೇ ಹಾಕಿದರು. ದೇವರ ಮೇಲೆ ನಂಬಿಕೆ ಮರಳಿತೆಂದಲ್ಲ. ಅವರೊಬ್ಬರೇ ಎರಡನ್ನೂ ಹೊತ್ತು ಕೂತದ್ದು ನನ್ನಿಂದ ನೋಡಲಾಗಲಿಲ್ಲ.