ಆಷಾಢದ ಚಿತ್ರಶಾಲೆ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಜಯನಗರದ ಎರಡನೇ ಬ್ಲಾಕಿನ ಕಲ್ಯಾಣ ಮಂಟಪದ ಬಾಗಿಲಲ್ಲಿ, ಜ್ಯೇಷ್ಠದ ಕೊನೆಯ ಮದುವೆಗೆ ಕಟ್ಟಿದ ಬಾಳೆಕಂಬಗಳು ಬಾಡಿ ಒಂದರ ಮೇಲೊಂದು ಒರಗಿವೆ. ಒಳಗೆ ತುಳಿದ ಹೂವಿನ ವಾಸನೆ, ಅದರ ಕೆಳಗೆ ತಂಗಳು ಹುಳಿಯ ವಾಸನೆ. ಶಾಮಣ್ಣ ಸ್ಟೂಲಿನ ಮೇಲೆ ನಿಂತು ಗೋಡೆಯ ಮೊಳೆಗಳಿಂದ ತೋರಣದ ಹುರಿ ಬಿಚ್ಚುತ್ತಿದ್ದಾರೆ. ಹುರಿ ಬಿಚ್ಚಿದ ಮೊಳೆಗೇ ಒಂದೊಂದು ಚಿತ್ರ ತಗುಲಿಹಾಕುತ್ತಾರೆ. ಹೊಸ ಮೊಳೆ ಹೊಡೆಯಕೂಡದೆಂದು ಮಂಟಪದ ಯಜಮಾನರ ಅಪ್ಪಣೆಯಿದೆ. ಯಾವ ಚಿತ್ರ ಎಲ್ಲಿ ಇರಬೇಕೆಂಬುದನ್ನು ಮಾವಿನೆಲೆಗಳೇ ಗೊತ್ತುಮಾಡಿರುವುದರಿಂದ ಕೆಲವು ಕತ್ತು ನೋಯುವಷ್ಟು ಎತ್ತರದಲ್ಲಿವೆ, ಕೆಲವು ಕಂಬದ ಮರೆಗೆ ಬಿದ್ದಿವೆ.

"ಮದ್ವೆ ದಿಬ್ಬಣ ಹೋಯ್ತು, ಇನ್ನು ನಿಮ್ ದಿಬ್ಬಣ ಬಂತಾ ಶಾಮಣ್ಣೋರೆ?" ನೆಲ ಗುಡಿಸುತ್ತಿದ್ದ ಬೈರಮ್ಮ ಕೇಳುತ್ತಾಳೆ.

"ನಮ್ ದಿಬ್ಬಣದೋರು ಒಳ್ಳೆಯೋರು ಬೈರಮ್ಮ. ಎಲೆ ಎಸೆಯಲ್ಲ, ಕಾಫಿ ಕೇಳಲ್ಲ."

ಆಷಾಢದಲ್ಲಿ ಈ ಊರಿನಲ್ಲಿ ಯಾರೂ ಮದುವೆಯಾಗುವುದಿಲ್ಲ. ಮಂಟಪಕ್ಕೆ ಬೀಗ ಬೀಳುವ ಆ ತಿಂಗಳಲ್ಲಿ ಶಾಮಣ್ಣನವರ ಚಿತ್ರಶಾಲೆ ಬಾಗಿಲು ತೆರೆಯುತ್ತದೆ. ಶ್ರಾವಣ ಹುಟ್ಟುವ ಹಿಂದಿನ ದಿನ ಮುಚ್ಚುತ್ತದೆ. ಕೆಲವು ವರ್ಷಗಳಿಂದ ಹೀಗೇ ನಡೆದುಬಂದಿದೆ. ಬಾಗಿಲ ಪಕ್ಕ ರಟ್ಟಿನ ಮೇಲೆ ಅವರೇ ಬರೆದ ಬೋರ್ಡು: "ಚಿತ್ರಶಾಲೆ. ಒಳಗೆ ಬನ್ನಿ. ಯಾವುದಾದರೂ ನಿಮ್ಮದಾಗಿದ್ದರೆ ಹೇಳಿ."

ಈ ಚಿತ್ರಗಳಲ್ಲಿ ಒಂದೂ ಶಾಮಣ್ಣನವರದಲ್ಲ. ಅಶೋಕ ಸ್ತಂಭದ ಹತ್ತಿರದ ಓಣಿಯೊಂದರಲ್ಲಿ ಅವರದು ಪಟಗಳಿಗೆ ಕಟ್ಟು ಹಾಕುವ ಅಂಗಡಿ. ಅಂಗಡಿ ಎಂದರೆ ಎರಡು ಮನೆಗಳ ನಡುವೆ ಉಳಿದುಹೋದ ಸಂದಿಗೆ ಹಾಕಿದ ಬಾಗಿಲು ಅಷ್ಟೆ. ಮದುವೆಯ ಕಾಲದಲ್ಲಿ ಉಡುಗೊರೆಯ ದೇವರ ಪಟಗಳಿಗೆ ಗಾಜು ಕೊಯ್ದು ಕೊಯ್ದು ಊಟಕ್ಕೂ ಪುರುಸೊತ್ತಿರುವುದಿಲ್ಲ. ದೇವರ ಪಟ ತಂದವರು ಮರೆಯದೆ ಬಂದು ಒಯ್ಯುತ್ತಾರೆ. ತಾವೇ ಬರೆದ ಚಿತ್ರ ತಂದವರ ಕತೆ ಬೇರೆ. ಡ್ರಾಯಿಂಗ್ ಮೇಷ್ಟರು, ನಾಟಕದ ಪರದೆ ಬರೆಯುತ್ತಿದ್ದವರು, ಒಬ್ಬ ಬಸ್ ಕಂಡಕ್ಟರು, ಹೆಸರು ಹೇಳದೆ ಹೋದ ಒಬ್ಬ ಹೆಂಗಸು. "ನಾಳೆ ಬರ್ತೀನಿ" ಎಂದು ಚಿತ್ರ ಕೊಟ್ಟು ಹೋದವರಲ್ಲಿ ಬರದೆ ಉಳಿದವರೇ ಹೆಚ್ಚು. ಕಟ್ಟಿನ ದುಡ್ಡು ಹೊಂದಲಿಲ್ಲವೋ, ಊರು ಬಿಟ್ಟರೋ, ಬದುಕೇ ಬಿಟ್ಟರೋ, ಶಾಮಣ್ಣನವರಿಗೆ ತಿಳಿಯದು.

"ಕಟ್ಟು ನಂದು, ಚಿತ್ರ ಅವ್ರದು," ಎನ್ನುತ್ತಾರೆ. "ಮಾರೋ ಹಾಗಿಲ್ಲ, ಎಸೆಯೋ ಹಾಗಿಲ್ಲ. ಅಟ್ಟದ ಮೇಲಿಟ್ರೆ ಹುಳ ತಿನ್ನುತ್ತೆ. ಏನ್ ಮಾಡೋದು ಹೇಳಿ."

ಒಂದು ಮಳೆಗಾಲದಲ್ಲಿ ಅಟ್ಟ ಸೋರಿತು. ನೆನೆದ ಚಿತ್ರಗಳನ್ನೆಲ್ಲ ಇಳಿಸಿ ಶಾಮಣ್ಣ ಫುಟ್‌ಪಾತಿನುದ್ದಕ್ಕೂ ಬಿಸಿಲಿಗೆ ಒರಗಿಸಿದರು. ಲಾಲ್‌ಬಾಗಿನಿಂದ ವಾಕಿಂಗ್ ಮುಗಿಸಿ ಬರುತ್ತಿದ್ದ ರಿಟೈರಾದವರು ನಿಂತರು. ಆಷಾಢಕ್ಕೆ ತವರಿಗೆ ಬಂದ ಹೊಸ ಮದುವಣಗಿತ್ತಿಯರು ಬೇಸರ ಕಳೆಯಲು ತಂಗಿಯರ ಜೊತೆ ಹೊರಟವರು ನಿಂತರು, ಒಬ್ಬರನ್ನೊಬ್ಬರು ತಿವಿದು ನಕ್ಕರು, ಆಮೇಲೆ ನಗುವುದನ್ನು ಬಿಟ್ಟು ನೋಡಿದರು. ಮಂಟಪದ ಯಜಮಾನ ಗಂಗಾಧರಯ್ಯನವರೂ ಅಂದು ಆ ಗುಂಪಿನಲ್ಲಿದ್ದರು. "ಮಂಟಪ ಖಾಲಿ ಬಿದ್ದಿದೆಯಲ್ಲ, ಅಲ್ಲಿ ಒಣಗಿಸ್ಕೊಳ್ಳಿ," ಎಂದರು.

ಅದೇ ಗಂಗಾಧರಯ್ಯ ಈಗ ಬಾಗಿಲಲ್ಲಿ ನಿಂತಿದ್ದಾರೆ. ಸಾರಕ್ಕಿಯ ಕಡೆಯ ರೈತರು ಅವರು. ಹೊಲ ಬಡಾವಣೆಗೆ ಹೋದ ಮೇಲೆ ಬಂದ ಪರಿಹಾರವನ್ನೆಲ್ಲ ಈ ಕಟ್ಟಡಕ್ಕೆ ಸುರಿದಿದ್ದಾರೆ.

"ಇಳೀರಿ ಶಾಮಣ್ಣೋರೆ, ಒಂದ್ ಮಾತಿದೆ."

ಶಾಮಣ್ಣ ಇಳಿಯುತ್ತಾರೆ.

"ಸೋಮವಾರದಿಂದ ಪೇಟೆ ಸೀರೆ ಅಂಗಡಿಯೋರು ಬರ್ತಾರೆ. ರಿಯಾಯ್ತಿ ಮಾರಾಟ ಅಂತೆ. ಅವ್ರಿಗೂ ಆಷಾಢದಲ್ಲಿ ವ್ಯಾಪಾರ ಇಲ್ಲ, ನಂಗೂ ಇಲ್ಲ."

"ತಿಂಗಳು ಪೂರ್ತಿನಾ?"

"ಪೂರ್ತಿ. ಮುಂದಿನ ವರ್ಷನೂ ಅವ್ರಿಗೇ ಅಂತ ಮಾತಾಗಿದೆ." ಗಂಗಾಧರಯ್ಯ ಗೋಡೆಯತ್ತ ನೋಡುತ್ತಾರೆ. "ನಾನೇನು ಕೆಟ್ಟೋನಲ್ಲ ಶಾಮಣ್ಣೋರೆ. ಇಷ್ಟ್ ದಿನ ನಿಮ್ಹತ್ರ ಬಾಡಿಗೆ ಕೇಳಿದ್ನಾ?"

"ಕೇಳಿಲ್ಲ. ಸುಳ್ಳು ಹೇಳ್ಬಾರ್ದು."

"ಮತ್ತೆ ಯಾಕೆ ಹಂಗೆ ನೋಡ್ತೀರಿ?"

"ನಾನು ಹಂಗೇ ನೋಡೋದು ಗಂಗಾಧರಯ್ಯ. ಮುಖ ಇರೋದೇ ಹಂಗೆ."

ಇಬ್ಬರೂ ಸ್ವಲ್ಪ ನಗುತ್ತಾರೆ. ಗಂಗಾಧರಯ್ಯ ಹೋದ ಮೇಲೆ ಶಾಮಣ್ಣ ಮತ್ತೆ ಸ್ಟೂಲು ಹತ್ತಿ ಉಳಿದ ಚಿತ್ರಗಳನ್ನು ತಗುಲಿಹಾಕುತ್ತಾರೆ. ಎರಡು ದಿನಕ್ಕೆ ಯಾಕೆ ಈ ಕಷ್ಟ ಎಂದು ಬೈರಮ್ಮ ಕೇಳಿದರೆ, "ಬರೋರಿಗೆ ಗೊತ್ತಿರಲ್ವಲ್ಲ, ಎರಡೇ ದಿನ ಅಂತ," ಎನ್ನುತ್ತಾರೆ.

ಅಂದೇ ಮಧ್ಯಾಹ್ನ, ಕಲೆಗೆ ಧನಸಹಾಯ ಕೊಡುವ ಕಚೇರಿಯೊಂದರ ಬೆಂಚಿನ ಮೇಲೆ ಅವರು ಕೂತಿರುತ್ತಾರೆ. ಇಲ್ಲಿಗೆ ಹಿಂದೆಯೂ ಬಂದಿದ್ದಾರೆ. ಅಧಿಕಾರಿ ಒರಟು ಮನುಷ್ಯನಲ್ಲ, ಕುರ್ಚಿ ತೋರಿಸಿ ಕೂರಲು ಹೇಳುತ್ತಾರೆ.

"ಸಂಘ ಅಂತ ಒಂದಿರಬೇಕಲ್ರೀ. ಅಧ್ಯಕ್ಷರು ಯಾರು?"

"ನಾನೇ ಅಂತ ಇಟ್ಕೊಳ್ಳಿ ಸಾರ್."

"ಕಾರ್ಯದರ್ಶಿ?"

"ಅದೂ ನಾನೇ."

"ಸದಸ್ಯರು?"

"ಅವ್ರು ಚಿತ್ರ ಬಿಟ್ಟು ಹೋದೋರು ಸಾರ್. ಬಂದ್ರೆ ಸೇರಿಸ್ಕೋತೀನಿ."

ಅಧಿಕಾರಿ ಪೆನ್ನು ಕೆಳಗಿಡುತ್ತಾರೆ. ಬರೆದವರ ಹೆಸರಿಲ್ಲ, ಇಟ್ಟುಕೊಂಡವರಿಗೆ ಅವು ಸ್ವಂತವಲ್ಲ. ಇಂಥ ಚಿತ್ರಗಳಿಗೆ ಯಾವ ಲೆಕ್ಕದಲ್ಲಿ ದುಡ್ಡು ಕೊಡಬೇಕೆಂದು ಅವರಿಗೆ ನಿಜವಾಗಿಯೂ ತಿಳಿಯುವುದಿಲ್ಲ. "ದೊಡ್ಡ ಕಲಾವಿದರದ್ದು ಒಂದಾದ್ರೂ ಇದ್ಯಾ?" ಎಂದು ಆಸೆಯಿಂದಲೇ ಕೇಳುತ್ತಾರೆ. ಶಾಮಣ್ಣ ಒಂದು ಕ್ಷಣ ಯೋಚಿಸಿ, ಇಲ್ಲ ಎನ್ನುತ್ತಾರೆ. ಇದೆ ಎಂದಿದ್ದರೆ ಏನಾಗುತ್ತಿತ್ತೋ ಎಂದು ವಾಪಸು ನಡೆಯುವ ದಾರಿಯುದ್ದಕ್ಕೂ ಯೋಚಿಸುತ್ತಾರೆ.

ಚಿತ್ರಗಳಿಗೆ ಬೇರೆ ಜಾಗ ನೋಡಿಕೊಳ್ಳಿ ಎಂದು ಒಳ್ಳೆಯವರು ಹಿಂದೆಯೇ ಸಲಹೆ ಕೊಟ್ಟಿದ್ದಾರೆ. ಬ್ಲಾಕಿನ ಒಬ್ಬ ಶ್ರೀಮಂತರು ಗ್ಯಾರೇಜು ಬಿಟ್ಟುಕೊಡಲು ಮುಂದಾಗಿ, ಬಾಗಿಲಲ್ಲಿ ತಮ್ಮ ತೀರಿಹೋದ ತಂದೆಯ ದೊಡ್ಡ ಪಟ ಇರಬೇಕೆಂದರು. ಶಾಮಣ್ಣ ಒಪ್ಪಿ ಕಟ್ಟನ್ನೂ ಹಾಕಿಕೊಟ್ಟರು. ಅಷ್ಟರಲ್ಲಿ ಆ ಶ್ರೀಮಂತರ ಮಗ ಕಾರು ಕೊಂಡ.

ಮರುದಿನ ಭಾನುವಾರವಿಡೀ ಚಿತ್ರಶಾಲೆಯ ಬಾಗಿಲು ತೆರೆದಿರುತ್ತದೆ. ಕೆಲವರು ಬರುತ್ತಾರೆ, ನೋಡುತ್ತಾರೆ, ಹೋಗುತ್ತಾರೆ. ಶಾಮಣ್ಣನವರ ಕಣ್ಣು ರಸ್ತೆಯ ಮೇಲೆ. ಅವರು ಕಾಯುತ್ತಿರುವುದು ಲಕ್ಷ್ಮಿದೇವಮ್ಮನನ್ನು.

ಲಕ್ಷ್ಮಿದೇವಮ್ಮ ಮೊದಲು ಬಂದದ್ದು ನಾಲ್ಕು ಮನೆ ಕಸಮುಸುರೆ ಮುಗಿಸಿಕೊಂಡು, ಮಂಟಪದಲ್ಲಿ ಮಳೆಗೆ ನಿಲ್ಲಲು. ಕಂಬದ ಮರೆಯಲ್ಲಿದ್ದ ಒಂದು ಚಿತ್ರದ ಮುಂದೆ ಅವರ ಕಾಲು ನಿಂತಿತು. ಕೆರೆಯ ಮೆಟ್ಟಿಲು, ನೀರಿಗೆ ಬಗ್ಗಿದ ಹೆಂಗಸು, ಅವಳ ಬೆನ್ನು, ಪಕ್ಕದಲ್ಲಿ ಬಿಂದಿಗೆ. ಅದು ಅವರ ಊರಿನ ಪುಟ್ಟೇನಹಳ್ಳಿ ಕೆರೆ. ಬಿಂದಿಗೆಯ ಹೊಟ್ಟೆ ನೆಗ್ಗಿತ್ತು. "ಬಿಂದಿಗೆ ನಮ್ದು. ನಮ್ ಬೈರಣ್ಣನೇ ಎತ್ತಾಕಿದ್ದು," ಎಂದರು. ಬೈರಣ್ಣ ಅವರ ತಮ್ಮ. ಬೋರ್ಡು ಬರೆಯುವ ಕೆಲಸಕ್ಕೆ ಪೇಟೆ ಸೇರಿ, ಎದೆಯ ಕಾಯಿಲೆ ಹತ್ತಿಸಿಕೊಂಡು ತೀರಿಹೋದವನು. ಅವನು ಚಿತ್ರವನ್ನೂ ಬರೆಯುತ್ತಿದ್ದನೆಂದು ಅಕ್ಕನಿಗೆ ಗೊತ್ತಾದದ್ದು ಆ ಮಳೆಯ ದಿನ.

ಶಾಮಣ್ಣ ಚಿತ್ರ ಇಳಿಸಿ ಕೈಗೆ ಕೊಡಲು ಹೋದರು. ಅವರು ತೆಗೆದುಕೊಳ್ಳಲಿಲ್ಲ. "ಮಡಿವಾಳದಾಗೆ ಒಂದೇ ರೂಮು ಅಣ್ಣ. ಒಲೆನೂ ಅಲ್ಲೇ, ಹಾಸಿಗೆನೂ ಅಲ್ಲೇ. ಹೊಗೆಗೆ ಎರಡೇ ತಿಂಗಳಿಗೆ ಕಪ್ಪಾಗೋಗ್ತದೆ. ಇಲ್ಲೇ ಇರ್ಲಿ, ನಾನೇ ಬಂದು ನೋಡ್ತೀನಿ." ಅಂದಿನಿಂದ ಪ್ರತಿ ಆಷಾಢಕ್ಕೂ, ಕೆಲಸದ ಮನೆಗಳಿಂದ ಬಿಡುವು ಸಿಕ್ಕ ಒಂದು ದಿನ ಬರುತ್ತಾರೆ. ಯಾವ ದಿನವೆಂದು ಹೇಳಲು ಅವರಿಗೇ ಬರುವುದಿಲ್ಲ.

ಆ ಭಾನುವಾರ ಅವರು ಬರಲಿಲ್ಲ.

ಸೋಮವಾರ ಬೆಳಿಗ್ಗೆ ಲಾರಿಯಿಂದ ಸೀರೆಯ ಗಂಟುಗಳು ಇಳಿಯುತ್ತಿದ್ದಂತೆ ಚಿತ್ರಗಳು ಕೈಗಾಡಿ ಹತ್ತುತ್ತವೆ. ಅವುಗಳ ಜಾಗದಲ್ಲಿ ಬಣ್ಣಬಣ್ಣದ ಸೆರಗುಗಳು ಇಳಿಬೀಳುತ್ತವೆ. ಮಂಟಪ ನಿಜಕ್ಕೂ ಚೆನ್ನಾಗಿ ಕಾಣುತ್ತದೆ. ಶಾಮಣ್ಣ ಅದನ್ನು ಗಂಗಾಧರಯ್ಯನವರಿಗೆ ಹೇಳಿಯೂ ಹೇಳುತ್ತಾರೆ. ಚಿತ್ರಗಳು ಸೋರುವ ಅಟ್ಟಕ್ಕೆ ವಾಪಸು.

ಮರುದಿನದಿಂದ ಅವರು ಬೆಳಿಗ್ಗೆ ಅಂಗಡಿ ತೆರೆಯುವುದಿಲ್ಲ. ಮಂಟಪದ ಜಗಲಿಯ ಮೇಲೆ ಕೂರುತ್ತಾರೆ. ಹೆಂಡತಿ ಸೀತಾಲಕ್ಷ್ಮಿ ಒಂದು ದಿನ ಸುಮ್ಮನಿದ್ದು, ಎರಡನೆಯ ದಿನ ಬೈದು, ಮೂರನೆಯ ದಿನ ಉಪ್ಪಿಟ್ಟು ಕಟ್ಟಿಕೊಡುತ್ತಾರೆ. ಸೀರೆ ಅಂಗಡಿಯ ಗುಮಾಸ್ತ ಸೀನು ಹೊರಗೆ ಬಂದು ನಗುತ್ತಾನೆ.

"ಏನ್ ಸಾರ್, ನಮ್ ಅಂಗಡಿಗೆ ಕಾವಲು ಕೂತಿದೀರಾ? ಸಂಬಳ ಯಾರು ಕೊಡ್ತಾರೆ?"

"ಇಲ್ಲಪ್ಪ. ನಮ್ ಕಡೆಯೋರು ಯಾರಾದ್ರೂ ಬಂದು, ನಿನ್ನ ಸೀರೆ ನೋಡಿ ವಾಪಸ್ ಹೋಗ್ಬಿಟ್ರೆ ಅಂತ."

ಎರಡನೆಯ ವಾರದ ಒಂದು ಮಧ್ಯಾಹ್ನ ಲಕ್ಷ್ಮಿದೇವಮ್ಮ ಬರುತ್ತಾರೆ. ಬಾಗಿಲಲ್ಲಿ ನಿಂತು ಸೀರೆಗಳನ್ನು ನೋಡಿ, ತಪ್ಪು ಜಾಗಕ್ಕೆ ಬಂದವರಂತೆ ಹಿಂದೆ ಸರಿಯುತ್ತಾರೆ. ಶಾಮಣ್ಣ ಎದ್ದು ಕರೆಯುತ್ತಾರೆ: "ಇಲ್ಲಿ ಅಮ್ಮ. ಬನ್ನಿ, ಅಂಗಡಿಗೆ ಹೋಗೋಣ."

ಅಂಗಡಿಯೊಳಗೆ ಚಿತ್ರ ನೋಡಲು ಎರಡು ಹೆಜ್ಜೆ ಹಿಂದೆ ಸರಿಯುವಷ್ಟೂ ಜಾಗವಿಲ್ಲ. ಗಾಜಿನ ಹಾಳೆಗಳು, ಮರದ ಪಟ್ಟಿಗಳು. ಶಾಮಣ್ಣ ಅಟ್ಟದಿಂದ ಕೆರೆಯ ಚಿತ್ರ ಇಳಿಸಿ, ಗಾಜು ಒರೆಸಿ, ಹೊರಗೆ ಫುಟ್‌ಪಾತಿಗೆ ತರುತ್ತಾರೆ. ಒರಗಿಸಲು ನೆಲ ಒದ್ದೆ. ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಎರಡೂ ಕೈಯಲ್ಲಿ ಚಿತ್ರವನ್ನು ಎದೆಯ ಎತ್ತರಕ್ಕೆ, ಆಮೇಲೆ ಮುಖದ ಎತ್ತರಕ್ಕೆ ಎತ್ತಿ ಹಿಡಿಯುತ್ತಾರೆ. ಆಷಾಢದ ಗಾಳಿ ಚಿತ್ರವನ್ನು ತಳ್ಳುತ್ತದೆ. ರಸ್ತೆಯಲ್ಲಿ ಹೋಗುವವರಿಗೆ ಒಂದು ಕೆರೆ, ಅದರ ಎರಡು ಬದಿಯಲ್ಲಿ ಬೆರಳುಗಳು, ಕೆಳಗೆ ಪಂಚೆ ಮತ್ತು ಸವೆದ ಚಪ್ಪಲಿ ಮಾತ್ರ ಕಾಣುತ್ತವೆ.

ಲಕ್ಷ್ಮಿದೇವಮ್ಮ ನೋಡುತ್ತಾರೆ. ಸೈಕಲ್ಲೊಂದು ಬೆಲ್ಲು ಹೊಡೆದು ಸುತ್ತುಹಾಕಿಕೊಂಡು ಹೋಗುತ್ತದೆ.

"ಬೆಳಕು ಬೀಳ್ತಿದ್ಯಾ ಅಮ್ಮ?" ಚಿತ್ರದ ಹಿಂದಿನಿಂದ ದನಿ.

"ಬೀಳ್ತದೆ ಅಣ್ಣ. ಸಾಕು, ಇಳಿಸಿ. ಕೈ ನಡುಗ್ತಾ ಐತೆ ನಿಮ್ದು."

"ಅದು ಗಾಳಿಗೆ. ಗಾಜು ಎತ್ತಿ ಎತ್ತಿ ಪಳಗಿರೋ ಕೈ ಇದು. ನೀವು ನಿಧಾನಕ್ಕೆ ನೋಡಿ."